ತಳದ ರಾಗಿ

ಬಡತನಕ್ಕೆ ಕಾರಣವೇನು ಎಂಬ ಭಾಷಣವನ್ನು ನಾನು ಮೊದಲ ಸಲ ಕೇಳಿದ್ದು ದಿನ ತುಂಬುತ್ತಿದ್ದ ಹೊಟ್ಟೆ ಹೊತ್ತುಕೊಂಡು, ಬಿಸಿಲಿನಲ್ಲಿ ನಿಂತು. ಭಾಷಣ ಮಾಡುತ್ತಿದ್ದವರು ಚಪ್ಪರದ ನೆರಳಿನಲ್ಲಿದ್ದರು. ಕತ್ತೆತ್ತಿ ನಮ್ಮ ಮುಖ ಒಮ್ಮೆ ನೋಡಿದ್ದರೆ ಅರ್ಧ ಕಾರಣ ಅವರಿಗೆ ಅಲ್ಲೇ ಸಿಗುತ್ತಿತ್ತು. ಅವರು ನೋಡಲಿಲ್ಲ, ಹಾಳೆ ನೋಡಿಕೊಂಡು ಓದುತ್ತಿದ್ದರು.

ಅಂದಿನಿಂದ ಇಂದಿನವರೆಗೆ ಈ ವಿಷಯ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನು ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ, ಮಧುಗಿರಿಯಲ್ಲಿ ಆಯಾ ಕೆಲಸಕ್ಕೆ ಸೇರಿಕೊಂಡಾಗ. ಕಲಿತ ಮೇಲೆ ಬಡತನದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬರೆದವರೆಲ್ಲ ದೊಡ್ಡವರು. ಅವರಲ್ಲಿ ಒಬ್ಬರೂ ಹಗೇವಿಗೆ ಇಳಿದವರಂತೆ ನನಗೆ ಕಾಣಲಿಲ್ಲ.

ನಮ್ಮೂರು ಐ.ಡಿ.ಹಳ್ಳಿ ಕಡೆಯದು. ಹೆಸರು ಹೇಳುವುದಿಲ್ಲ. ಹೇಳಿದರೆ ಪಟೇಲರ ಮೊಮ್ಮಕ್ಕಳು ಜಗಳಕ್ಕೆ ಬರುತ್ತಾರೆ. ಈ ವಯಸ್ಸಿನಲ್ಲಿ ನನಗೆ ಜಗಳವಾಡುವ ಆಸೆ ಇದೆಯೇ ಹೊರತು ದಮ್ಮಿಲ್ಲ. ಆಗ ಊರಿನಲ್ಲಿ ಪಟೇಲರ ಮನೆಯವರಿಗೆ ಮಾತ್ರ ಹಗೇವುಗಳಿದ್ದವು. ಹಗೇವು ಎಂದರೆ ರಾಗಿ ಹೂತಿಡುವ ನೆಲದೊಳಗಿನ ಕಣಜ. ಗಟ್ಟಿ ಕೆಂಪು ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿರುತ್ತಾರೆ. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ನಮ್ಮ ಗುಡಿಸಲಿನಷ್ಟು. ಒಳಗೆ ಸುತ್ತ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಬೀಳುವುದಿಲ್ಲ. ಮೇಲೆ ದನ ಕಟ್ಟಿದರೆ ಕೆಳಗೆ ರಾಗಿ ಇದೆಯೆಂದು ಹೊರಗಿನವರಿಗೆ ತಿಳಿಯುವುದೂ ಇಲ್ಲ.

ತುಂಬುವುದು ಸುಲಭ, ತೆಗೆಯುವುದೇ ಕಷ್ಟ. ಅಷ್ಟು ಕಾಲ ಮುಚ್ಚಿದ್ದ ಗಾಳಿ ವಿಷವಾಗಿರುತ್ತದೆ. ಚಪ್ಪಡಿ ಸರಿಸಿ ಹೊಂಗೆ ಸೊಪ್ಪಿನ ಕಟ್ಟನ್ನು ಹಗ್ಗದಲ್ಲಿ ಇಳಿಸಿ, ಎತ್ತಿ, ಇಳಿಸಿ, ಎತ್ತಿ ಗಾಳಿ ಕಲಕಬೇಕು. ಆಮೇಲೆ ಲಾಟೀನು ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ ಎಂದೇ ಅರ್ಥ. ಈ ಕೆಲಸ ನಮ್ಮಪ್ಪನದು, ಅದಕ್ಕೂ ಮೊದಲು ನಮ್ಮ ತಾತನದು. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಮಂಕರಿ ಮಂಕರಿ ರಾಗಿ ತುಂಬಿ ಮೇಲಕ್ಕೆ ಕಳಿಸುತ್ತಿದ್ದ. ಹೊರಗೆ ಬಂದಾಗ ಅವನ ಕಣ್ಣು ಕೆಂಡವಾಗಿರುತ್ತಿದ್ದವು, ಆ ರಾತ್ರಿಯೆಲ್ಲ ಕೆಮ್ಮುತ್ತಿದ್ದ.

ಇಳಿದವನಿಗೆ ಕೂಲಿ ಇರಲಿಲ್ಲ. ತಳವೇ ಅವನದು. ಗೋಡೆಯ ಹುಲ್ಲಿಗೂ ತಳಕ್ಕೂ ಅಂಟಿಕೊಂಡ ರಾಗಿ ನೆಲದ ತೇವ ಕುಡಿದು ಕಪ್ಪಗೆ ಹೆಂಟೆಯಾಗಿರುತ್ತದೆ. ಕಾಲಿಗೆ ಆ ಹೆಂಟೆ ಸಿಕ್ಕಿದ ಕೂಡಲೇ ಒಳಗಿದ್ದವನು "ತಳ!" ಎಂದು ಕೂಗಬೇಕು. ಕೂಗಿದ ಮೇಲೆ ಬರುವ ಮಂಕರಿಗಳೆಲ್ಲ ಅವನ ಕಂಬಳಿಗೆ. ಯಾವಾಗ ಕೂಗಬೇಕೆಂದು ಹೇಳುವವನು ಅವನೇ, ಮೇಲಿದ್ದವರಿಗೆ ಅದು ಕಾಣುವುದಿಲ್ಲ. ಅವನ ಮಾತನ್ನು ನಂಬಬೇಕು. ವರ್ಷವೆಲ್ಲ ಅವನ ಯಾವ ಮಾತಿಗೂ ಬೆಲೆ ಕೊಡದ ಮನೆಯವರು ಆ ಒಂದು ಮಾತನ್ನು ನಂಬಲೇಬೇಕಿತ್ತು. ಅಪ್ಪನಿಗೆ ರಾಗಿಗಿಂತ ಅದೇ ದೊಡ್ಡದಾಗಿತ್ತೆಂದು ನನಗೆ ಆಮೇಲೆ ಅನ್ನಿಸಿದೆ. ಕಾಲ ಕೆಳಗೆ ಒಂದು ಬೊಗಸೆ ಒಳ್ಳೆ ಕಾಳು ಇದ್ದರೂ ಅವನು ಕೂಗುತ್ತಿರಲಿಲ್ಲ.

ಆ ರಾಗಿಯನ್ನು ಹೊಗಳಿ ಬರೆಯಲು ನನಗೆ ಇಷ್ಟವಿಲ್ಲ. ಹೆಂಟೆ ಒಡೆದು, ಮೊರದಲ್ಲಿ ಕೇರಿ, ನೀರಿನ ಮೇಲೆ ನೀರು ಹಾಕಿ ತೊಳೆದು, ಬಂಡೆಯ ಮೇಲೆ ಒಣಗಿಸಿ ಬೀಸಿದರೂ ಮುದ್ದೆ ಕಮಟು ವಾಸನೆ ಬಿಡುತ್ತಿರಲಿಲ್ಲ. ಅದನ್ನೇ ನುಂಗಿ ಬೆಳೆದವಳು ನಾನು. ಕೆಟ್ಟ ಊಟ. ಆದರೆ ಯಾರಿಗೂ ಕೈಮುಗಿದು ತಂದದ್ದಲ್ಲ.

ಯುದ್ಧದ ಕಾಲ ಬಂತು. ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಇಷ್ಟು ಲೆವಿ ಕೊಡಬೇಕೆಂದು ಕಟ್ಟುಮಾಡಿದರು. ಬಚ್ಚಿಟ್ಟವರ ಮನೆ ಹುಡುಕುತ್ತಾರೆಂಬ ಸುದ್ದಿಯೂ ಹಬ್ಬಿತು. ಅಂಗಡಿಯಲ್ಲಿ ರಾಗಿ ಮಾಯವಾಯಿತು. ನನ್ನ ಗಂಡನ ಮನೆ ಬರಗೂರಿನ ಹತ್ತಿರ. ಗಂಡ ರಸ್ತೆ ಕೆಲಸ ಹುಡುಕಿಕೊಂಡು ಊರೂರು ಅಲೆಯುತ್ತಿದ್ದ. ಚೊಚ್ಚಲ ಬಸಿರಿಗೆ ತವರಿಗೆ ಕಳಿಸಿದರು. ಕಳಿಸುವುದಕ್ಕೆ ತವರಿನಲ್ಲಿ ಏನಿತ್ತು? ಅವ್ವ ಸತ್ತು ಹೋಗಿದ್ದಳು. ಅಪ್ಪನೊಬ್ಬನೇ ಗುಡಿಸಲಿನಲ್ಲಿದ್ದ. ಹಿಟ್ಟಿನ ಮಡಕೆ ಬೋರಲಾಗಿ ಬಿದ್ದಿತ್ತು. ನನ್ನನ್ನು ನೋಡಿ ಅವನಿಗೆ ಖುಷಿಗಿಂತ ಹೆಚ್ಚಾಗಿ ಗಾಬರಿಯಾಯಿತು. ಬಾಣಂತಿಗೆ ಏನು ಬೇಯಿಸಿ ಹಾಕುವುದು? ಬೆಳಿಗ್ಗೆ ಹೊರಗೆ ಹೋದವನು ಸಂಜೆ ಬಂದು ನನ್ನ ಮುಖ ನೋಡದೆ ಕೂರುತ್ತಿದ್ದ. ಒಂದು ದಿನ ಮಾತ್ರ ಬಾಗಿಲಿನಿಂದಲೇ ಕೂಗಿದ.

"ಪಟೇಲ್ರು ಹಗೇವು ತೆಗೆಸ್ತಾರಂತೆ ಕಣವ್ವ! ನಿನ್ ಬಾಣಂತನ ಆಗೋಯ್ತು ಅನ್ಕೋ!"

ಪಟೇಲರು ಯಾಕೆ ತೆಗೆಸುತ್ತಿದ್ದರೆಂಬುದು ಮರುದಿನ ತಿಳಿಯಿತು. ಲೆವಿಯವರು ಬಂದು ಹುಡುಕುವ ಮೊದಲೇ ಒಂದು ಹಗೇವನ್ನು ತಾವೇ ತೋರಿಸಿ ಬಡವರಿಗೆ ದಾನ ಮಾಡಿಬಿಟ್ಟರೆ ಮಿಕ್ಕವು ದನದ ಕೊಟ್ಟಿಗೆಯ ಕೆಳಗೆ ಸುಮ್ಮನೆ ಮಲಗಿರುತ್ತವೆ. ದಾನಿ ಎಂಬ ಹೆಸರೂ ಬರುತ್ತದೆ. ಹಗೇವಿನ ಪಕ್ಕದಲ್ಲೇ ಚಪ್ಪರ ಹಾಕಿಸಿದರು. ಗಂಜಿ ಕಾಯಿಸಲು ಕಡಾಯಿ ತರಿಸಿದರು. ತಾಲ್ಲೂಕಿನ ಅಮಲ್ದಾರರನ್ನು ಕರೆಸಿದರು. ಭಾಷಣಕ್ಕೆ ಮಧುಗಿರಿಯಿಂದ ಒಬ್ಬ ವಕೀಲರು ಬಂದರು, ಜರಿ ಪೇಟ, ಕರೀ ಕೋಟು. ಊರಿನವರಿಗೆ ಒಂದು ಸಾಲು, ಕೇರಿಯವರಾದ ನಮಗೆ ಅಷ್ಟು ದೂರದಲ್ಲಿ ಇನ್ನೊಂದು ಸಾಲು. ನಮ್ಮಪ್ಪ ಕೈಯಾರೆ ತುಂಬಿ ಕಳಿಸಿದ ರಾಗಿಗೆ ಇಲ್ಲದ ಮೈಲಿಗೆ, ಅದನ್ನೇ ಗಂಜಿ ಮಾಡಿದಾಗ ಎಲ್ಲಿಂದ ಬರುತ್ತಿತ್ತೋ ಕಾಣೆ.

ಕೇರಿಯ ಹೆಂಗಸರೆಲ್ಲ ಮಡಕೆ ತಂದಿದ್ದರು. ನಾನು ತಂದಿರಲಿಲ್ಲ. ಹೊರಡುವಾಗ ಅಪ್ಪ ಹೇಳಿದ್ದ, "ನಮ್ಗೆ ತಳ ಐತೆ, ನೀನು ಗಂಜಿಗೆ ನಿಂತ್ಕಬ್ಯಾಡ." ಪಕ್ಕದ ಗುಡಿಸಲಿನವಳು ನನ್ನ ಬರಿಗೈ ನೋಡಿ, "ಏನಮ್ಮ, ನಿಮ್ಗೆ ಗಂಜಿ ಸೇರಕಿಲ್ವಾ?" ಎಂದು ಕೊಂಕು ತೆಗೆದಳು. ಅವಳ ಗಂಡ ಅಲ್ಲೇ ಹಗೇವಿನ ಬಾಯಲ್ಲಿ ಹಗ್ಗ ಹಿಡಿದು ನಿಂತಿದ್ದ. ಅಪ್ಪನನ್ನು ಅಣ್ಣ ಅಣ್ಣ ಎಂದು ಕರೆಯುತ್ತಿದ್ದ ಮನುಷ್ಯ. ಅಪ್ಪ ಇಳಿಯುವಾಗಲೆಲ್ಲ ಹಗ್ಗ ಅವನದೇ.

ಭಾಷಣ ಶುರುವಾಯಿತು. ಬಡತನಕ್ಕೆ ಮೊದಲ ಕಾರಣ ಸೋಮಾರಿತನ ಎಂದರು ವಕೀಲರು. ಅವರ ಬೆನ್ನ ಹಿಂದೆ ಅಪ್ಪನ ಮಂಕರಿ ಮೇಲೆ ಬರುತ್ತಲೇ ಇತ್ತು. ಎರಡನೆಯದು ಹೆಂಡ. ಈಚಲ ತೋಪು ಗುತ್ತಿಗೆಗೆ ಹಿಡಿದಿದ್ದವರು ಪಟೇಲರ ಭಾಮೈದ, ಮುಂದಿನ ಬೆಂಚಿನಲ್ಲೇ ಕೂತು ತಲೆದೂಗುತ್ತಿದ್ದರು. ಮೂರನೆಯದು, ನಾವು ನಾಳೆಗೆ ಎಂದು ಏನನ್ನೂ ಕೂಡಿಡುವುದಿಲ್ಲವಂತೆ. ನನಗೆ ನಗು ಬಂತು. ಕೂಡಿಡುವುದಕ್ಕೆ ಹಗೇವು ಬೇಕು, ಹಗೇವಿಗೆ ನೆಲ ಬೇಕು, ನೆಲ ಯಾರದೆಂದು ಎಲ್ಲರಿಗೂ ಗೊತ್ತು. ನಾಲ್ಕನೆಯ ಕಾರಣ ಹೇಳುವಾಗ ಅವರು ನನ್ನ ಹೊಟ್ಟೆಯ ಕಡೆ ಕಣ್ಣು ಹಾಯಿಸಿದರು. ಬಡವರು ಲೆಕ್ಕವಿಲ್ಲದೆ ಹೆರುತ್ತಾರೆ ಎಂದರು. ಅದು ನನ್ನ ಮೊದಲನೆಯದು. ಪಟೇಲರ ಹೆಂಡತಿ ಹೆತ್ತದ್ದನ್ನು ಯಾರೂ ಎಣಿಸಲಿಲ್ಲ.

ಕೊನೆಗೆ ವಕೀಲರು ದನಿ ಎತ್ತರಿಸಿ, ಸಮಾಜ ಮನಸ್ಸು ಮಾಡಿದರೆ ಬಡತನವನ್ನು ಬೇರುಸಹಿತ ಕೀಳಬಹುದು, ಅದಕ್ಕೆ ಈ ಊರಿನ ಪಟೇಲರೇ ಸಾಕ್ಷಿ ಎಂದರು. ಚಪ್ಪರದವರು ಚಪ್ಪಾಳೆ ತಟ್ಟಿದರು. ಆ ಸದ್ದು ಅಡಗುವ ಹೊತ್ತಿಗೆ ನೆಲದೊಳಗಿನಿಂದ ಅಪ್ಪನ ಕೂಗು ಬಂತು.

"ತಳ!"

ನನ್ನ ಎದೆ ಹಗುರವಾಯಿತು. ಕಂಬಳಿ ಹಾಸಿಯೇ ಇತ್ತು. ಮುಂದಿನ ಮಂಕರಿ ಬಂತು, ಮೇಲೆಲ್ಲ ಕಪ್ಪು ಹೆಂಟೆ. ಪಟೇಲರ ಮನೆಯ ಲೆಕ್ಕ ನೋಡುವ ಪಾರುಪತ್ಯಗಾರ ಅದನ್ನು ಎತ್ತಿಕೊಂಡು ಹೋಗಿ ದೊಡ್ಡ ರಾಶಿಗೇ ಸುರಿದ. ಇವನು ನಿಡುಗಲ್ಲಿನ ಕಡೆಯವನು, ಬಾಯಿ ತೆರೆದರೆ ಅರ್ಧ ತೆಲುಗು. ಹಗ್ಗ ಹಿಡಿದವನು ಪಟೇಲರ ಮುಖ ನೋಡಿದ.

"ಈ ಸಲ ತಳ ಗಿಳ ಏನೂ ಇಲ್ಲ," ಎಂದರು ಪಟೇಲರು. ಚಪ್ಪರದ ಕಡೆ ತಿರುಗಿಕೊಂಡೇ ಹೇಳಿದರು, ನಮಗೆ ಹೇಳಿದ ಮಾತಲ್ಲ ಅದು. "ಹಗೇವು ಪೂರ್ತಿ ಬಡವರಿಗೆ. ಒಂದ್ ಕಾಳೂ ಉಳಿಸ್ಕೊಳಲ್ಲ. ಇಳಿದವ್ನೂ ಬಡವ್ನೇ ಅಲ್ವಾ, ಅವ್ನೂ ಬಂದು ಎಲ್ಲಾರ ಜೊತೆ ಗಂಜಿ ಕುಡೀಲಿ."

ಮತ್ತೆ ಚಪ್ಪಾಳೆ. ವಕೀಲರಂತೂ ಎದ್ದು ನಿಂತು, ಇಂಥ ಹಳೇ ಮಾಮೂಲುಗಳೇ ದೇಶ ಹಿಂದುಳಿಯಲು ಕಾರಣ, ಒಬ್ಬನ ಹಕ್ಕಿಗಿಂತ ಊರಿನ ಹಸಿವು ದೊಡ್ಡದು ಎಂದು ಪಟೇಲರ ಬೆನ್ನು ತಟ್ಟಿದರು. ಯಾರ ಆಸ್ತಿಯನ್ನು ಯಾರು ದಾನ ಮಾಡಿದರೆಂದು ಕೇಳುವವರು ಒಬ್ಬರೂ ಇರಲಿಲ್ಲ. ರಾಶಿ ರಾಗಿ ಪಟೇಲರದು, ಕೊಟ್ಟರು, ಸರಿ. ತಳದ ರಾಗಿ ನಮ್ಮದು. ಅದನ್ನೂ ಅವರೇ ಕೊಟ್ಟುಬಿಟ್ಟರು, ನಮಗೇ, ಗಂಜಿಯಾಗಿ, ಮಡಕೆ ಹಿಡಿದು ನಿಂತರೆ.

ಹಗ್ಗದವನು ಮತ್ತೆ ಎಳೆದ. ಹಗ್ಗ ಸಲೀಸಾಗಿ ಬಂತು. ತುದಿಯಲ್ಲಿ ಮಂಕರಿಯೂ ಇಲ್ಲ, ಮನುಷ್ಯನೂ ಇಲ್ಲ. ಮೇಲಿನ ಮಾತು ಒಳಗೆ ಕೇಳಿಸಿರಬೇಕು, ಅಪ್ಪ ಸೊಂಟದ ಗಂಟನ್ನೂ ಬಿಚ್ಚಿಬಿಟ್ಟಿದ್ದ.

ಪಾರುಪತ್ಯಗಾರ ಓಡಿ ಬಂದು ಬಾಯಿಗೆ ಬಾಗಿದ. "ಏಮಯ್ಯಾ! ಪೈಕಿ ರಾ! ಮೇಲಕ್ ಬಾರೋ!"

"ತಳ ಅಂದೆ. ಕೇಳಿಸ್ನಿಲ್ವಾ?" ಮಡಕೆಯೊಳಗಿನಿಂದ ಬಂದ ಹಾಗೆ ಅಪ್ಪನ ದನಿ ದೊಡ್ಡದಾಗಿ ಬಂತು. ಊರಿನಲ್ಲಿ ನಡೆದಾಡುವಾಗ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ವಕೀಲರು ಹೋದರು. ಪೇಟ ಬಿದ್ದೀತೆಂದು ಕೈಯಲ್ಲಿ ಹಿಡಿದುಕೊಂಡು, ಹಗೇವಿನ ಬಾಯಿಗೆ ಬಗ್ಗಿ, ನಮ್ಮಪ್ಪನಿಗೆ ಸಮಾಜದ ಹಿತ ತಿಳಿಸಿದರು. ನಿನ್ನವರೇ ಹಸಿದು ನಿಂತಿದ್ದಾರೆ, ಸ್ವಾರ್ಥ ಬಿಡು, ಎಲ್ಲರ ಹಿತದಲ್ಲೇ ನಿನ್ನ ಹಿತವೂ ಇದೆ ಎಂದು ಬಹಳ ಹೊತ್ತು ಹೇಳಿದರು. ಅಪ್ಪ ಪೂರ್ತಿ ಕೇಳಿಸಿಕೊಂಡ.

"ಸ್ವಾಮಿ, ಒಳಕ್ ಬಂದ್ ಹೇಳಿ. ಮೇಲಿಂದ ಹೇಳಿದ್ದು ಸರ್ಯಾಗ್ ತಿಳೀತಾ ಇಲ್ಲ."

ನಮ್ಮ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅಲ್ಲಿಗೇ ನಿಂತುಹೋಯಿತು, ಯಾಕೆಂದರೆ ಪಟೇಲರು ಒಂದು ಕೆಲಸ ಮಾಡಿದರು. ಮೊದಲು ಬಂದ ರಾಗಿಯ ಗಂಜಿ ಆಗಲೇ ಕುದಿದು ಇಳಿದಿತ್ತು, ಬಡಿಸುವುದಷ್ಟೇ ಬಾಕಿ. ಪಟೇಲರು ಅಡಿಗೆಯವನ ಕೈಯಿಂದ ಸೌಟು ಇಸಿದುಕೊಂಡು ಕಡಾಯಿಗೆ ಮುಚ್ಚಳ ಹಾಕಿಸಿದರು. "ಅವ್ನು ಮೇಲಕ್ ಬರೋಗಂಟ ಯಾರಿಗೂ ಗಂಜಿ ಇಲ್ಲ," ಎಂದರು.

ಅಷ್ಟೇ ಸಾಕಾಯಿತು. ಅಲ್ಲಿಯವರೆಗೆ ಸುಮ್ಮನಿದ್ದ ಸಾಲು ಅಪ್ಪನ ಮೇಲೆ ತಿರುಗಿತು. ಮುಚ್ಚಳ ಹಾಕಿಸಿದವನನ್ನು ಯಾರೂ ಏನೂ ಅನ್ನಲಿಲ್ಲ. ಕಾಣದ ಗುಂಡಿಯಲ್ಲಿ ಕೂತವನನ್ನು ಬೈಯುವುದು ಸುಲಭವಾಗಿತ್ತು. "ನಿನ್ನೊಬ್ನ ಹೊಟ್ಟೆಗೆ ಊರ್ ಮಕ್ಳೆಲ್ಲಾ ಸಾಯ್ಬೇಕೇನೋ?" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅರಚಿದವಳು ಪಕ್ಕದ ಗುಡಿಸಲಿನವಳು. ಅವಳ ಗಂಡ ಕೈಯಲ್ಲಿ ಬರಿ ಹಗ್ಗ ಹಿಡಿದು ನೆಲ ನೋಡುತ್ತಿದ್ದ. ಆ ಹೊತ್ತು ನನಗೆ ಪಟೇಲರ ಮೇಲೆ ಸಿಟ್ಟಿತ್ತು, ನಮ್ಮವರ ಮೇಲೆ ಹೇಸಿಗೆ ಇತ್ತು. ಯಾವುದು ದೊಡ್ಡದೆಂದು ಕೇಳಿದರೆ ಹೇಸಿಗೆಯೇ ದೊಡ್ಡದು.

ನನ್ನನ್ನು ಕರೆದರು. "ನಿಮ್ಮಪ್ಪನ್ ಕರಿಯಮ್ಮ, ನಿನ್ ಮಾತು ಕೇಳ್ತಾನೆ," ಎಂದರು ಪಟೇಲರು, ಬೆಲ್ಲದಂಥ ದನಿಯಲ್ಲಿ. ನಾನು ಹೊಟ್ಟೆ ಹಿಡಿದುಕೊಂಡು ಹಗೇವಿನ ಬಾಯಿಯ ಹತ್ತಿರ ಕೂತೆ. ಒಳಗಿನಿಂದ ಬಿಸಿ ಬಿಸಿಯಾದ ಕಮಟು ಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ ಲಾಟೀನು ಇನ್ನೂ ಉರಿಯುತ್ತಿತ್ತು, ಆದರೆ ಉರಿ ಸಣ್ಣಗಾಗಿತ್ತು. ಅದರ ಪಕ್ಕದಲ್ಲಿ ಅಪ್ಪ ಕಪ್ಪು ರಾಗಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದ.

"ನೀನ್ಯಾಕ್ ಬಂದೆ ಮಗ? ಬಿಸ್ಲಾಗೆ."

"ದೀಪ ಮಂಕಾಗ್ತೈತೆ ಕಣಪ್ಪ, ಬಂದ್ಬುಡು."

"ಆರಿಲ್ವಲ್ಲ."

"ಗಂಜಿ ಕುಡ್ದೇ ಹೆಂಗೋ ಆಗ್ತದೆ ಬುಡು. ನೀನ್ ಸತ್ರೆ ನಂಗ್ಯಾರೈತೆ?"

ಅವನು ಲಾಟೀನಿನ ಕಡೆ ಒಮ್ಮೆ ನೋಡಿದ. ಆಮೇಲೆ ಹೇಳಿದ, "ಬತ್ತೀನಿ. ನಾನ್ ಕೂಗಿದ್ದು ಸುಳ್ಳು ಅಂತ ಪಟೇಲ್ರು ಒಳಕ್ ಬಂದು ನೋಡಿ ಹೇಳ್ಬುಡ್ಲಿ, ಆಗ ಬತ್ತೀನಿ. ಇದು ತಳ ಅಲ್ಲ ಅಂತ ಹೇಳ್ಲಿ."

ನಾನು ಪಟೇಲರ ಕಡೆ ನೋಡಿದೆ. ಅವರಿಗೆ ಕೇಳಿಸಿತ್ತು. ಹಾಗೆ ಹೇಳಿದರೆ ತಮ್ಮ ಅಪ್ಪ ತಾತ ನಂಬಿಕೊಂಡು ಬಂದ ಮಾತನ್ನೇ ಊರ ಮುಂದೆ ಸುಳ್ಳೆಂದ ಹಾಗಾಗುತ್ತಿತ್ತು. ಹೇಳದಿದ್ದರೆ ರಾಗಿ ಕೊಡಬೇಕು. ಅವರು ಎರಡನ್ನೂ ಮಾಡದೆ ಅಂಗವಸ್ತ್ರದಿಂದ ಕತ್ತು ಒರೆಸಿಕೊಂಡರು. ದೀಪ ಇನ್ನಷ್ಟು ಸಣ್ಣಗಾಯಿತು. ಒಳಗೆ ಅಪ್ಪ ಕೆಮ್ಮಿದ. ನನಗೆ ತಲೆ ಕೆಟ್ಟಿತು.

ನಾನು ಎರಡು ಕಾಲನ್ನೂ ಹಗೇವಿನೊಳಗೆ ಇಳಿಬಿಟ್ಟೆ.

"ಅಪ್ಪ ಬರಲ್ಲ. ನಾನೇ ಒಳಕ್ಕೋಗ್ತೀನಿ," ಎಂದೆ. ಬಾಯಿ ಸಣ್ಣದು, ನನ್ನ ಹೊಟ್ಟೆ ದೊಡ್ಡದು, ತೂರಿದ್ದರೆ ಸಿಕ್ಕಿಕೊಂಡು ಅಪ್ಪನ ಉಸಿರನ್ನೂ ಮುಚ್ಚುತ್ತಿದ್ದೆ. ಅದು ಹೊಳೆದದ್ದು ಆಮೇಲೆ. ಸಾಲಿನ ಹೆಂಗಸರು ಬೊಬ್ಬೆ ಹೊಡೆದರು. ಪಟೇಲರ ಮುಖ ಬಿಳುಚಿಕೊಂಡಿತು. ದಾನದ ಹಗೇವಿನಲ್ಲಿ ತುಂಬು ಬಸುರಿ ಸತ್ತರೆ ಆ ರಾಗಿಯನ್ನು ಯಾರು ಮುಟ್ಟುತ್ತಾರೆ? ಅವರು ಕೈ ಚಾಚಿದರು, ಮುಟ್ಟುವ ಹಾಗಿಲ್ಲವೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು.

ಅಲ್ಲಿಯವರೆಗೆ ಒಂದು ಮಾತೂ ಆಡದೆ ಕೂತಿದ್ದ ಅಮಲ್ದಾರರು ಗಡಿಯಾರ ನೋಡಿಕೊಂಡು ಎದ್ದರು. "ಕೊಟ್ಟು ಕಳಿಸಿ ಪಟೇಲರೇ. ನಾನು ಕೊರಟಗೆರೆಗೆ ಹೋಗಬೇಕು."

ನಮಗೆ ನ್ಯಾಯ ಸಿಕ್ಕಿದ್ದು ಹೀಗೆ. ಅವರಿಗೆ ಕೊರಟಗೆರೆಯಲ್ಲಿ ಕೆಲಸವಿಲ್ಲದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ.

ಹಗ್ಗ ಇಳಿಯಿತು. ತಳದ ಮಂಕರಿಗಳು ಒಂದೊಂದಾಗಿ ಕಂಬಳಿಗೆ ಬಿದ್ದವು. ಕೊನೆಗೆ ಅಪ್ಪ ಬಂದ. ಅಲ್ಲೇ ಕುಸಿದು ಕೂತ. ಹಗ್ಗದವನು ಅವನನ್ನು ಎಳೆದು ಹಾಕಿ ಮುಖ ತಿರುಗಿಸಿಕೊಂಡ. ಪಾರುಪತ್ಯಗಾರ ನಮ್ಮಿಬ್ಬರಿಗೂ ಕೇಳುವ ಹಾಗೆ, ರಾಗಿ ತಗೊಂಡವರಿಗೆ ಗಂಜಿ ಇಲ್ಲ ಎಂದ. ನಾವು ಕೇಳಿಯೂ ಇರಲಿಲ್ಲ. ಕಂಬಳಿಯ ಎರಡು ಮೂಲೆ ಅಪ್ಪ, ಎರಡು ಮೂಲೆ ನಾನು ಹಿಡಿದು, ಎಳೆದುಕೊಂಡು ಮನೆಗೆ ಬಂದೆವು. ಹಿಂದೆ ಗಂಜಿ ಬಡಿಸುವ ಸದ್ದು ಕೇಳುತ್ತಿತ್ತು.

ಆಮೇಲೆ ಕೇರಿಯಲ್ಲಿ ನಮ್ಮನ್ನು ಮಾತಾಡಿಸುವವರಿರಲಿಲ್ಲ. ಬಡವರ ಬಾಯಿಗೆ ಬೀಳಬೇಕಾದ ರಾಗಿ ಹೊತ್ತುಕೊಂಡು ಹೋದವರು ಎಂದು ಹೆಸರಾಯಿತು. ನಾನು ನೀರಿಗೆ ಹೋದರೆ ಬಾವಿಯ ಹತ್ತಿರ ಮಾತು ನಿಲ್ಲುತ್ತಿತ್ತು. ಹೆರಿಗೆಯ ದಿನ ಕೇರಿಯ ಕೊನೆಯ ಮುದುಕಿಯೊಬ್ಬಳು ಗೊಣಗುತ್ತಾ ಬಂದಳು. ಪಕ್ಕದ ಗುಡಿಸಲಿನವಳು ನಾನು ಚೀರುವುದನ್ನು ಕೇಳಿಸಿಕೊಂಡೇ ಒಳಗೆ ಕೂತಿದ್ದಳು. ಹೆಣ್ಣು ಮಗು ಹುಟ್ಟಿತು. ಅಪ್ಪನೇ ಹೆಂಟೆ ಒಡೆದ, ತೊಳೆದ, ಒಣಗಿಸಿದ, ಬೀಸಿದ. ಬಾಣಂತಿಗೆಂದು ಮೆಣಸಿನ ಸಾರು ಕಾಯಿಸಿ ಆ ಕಮಟು ಮುದ್ದೆ ಇಟ್ಟ. ನಾನು ಮೂಗು ಹಿಡಿದುಕೊಂಡು ನುಂಗಿದೆ. ಎದೆಯಲ್ಲಿ ಹಾಲು ಬಂತು.

ಗಂಜಿಯ ಕಥೆ ಹಗೇವಿನ ರಾಗಿ ಇರುವಷ್ಟು ದಿನ ನಡೆಯಿತು. ಮುಗಿದ ಮೇಲೆ ಚಪ್ಪರ ಬಿಚ್ಚಿದರು, ಗಳಗಳನ್ನು ಪಟೇಲರ ಮನೆಗೆ ಹೊತ್ತರು. ಮಡಕೆಗಳು ಖಾಲಿಯಾಗಿಯೇ ಇದ್ದವು. ಕೊಟ್ಟಿಗೆಯ ಕೆಳಗಿನ ಹಗೇವುಗಳನ್ನು ತೆಗೆಯಿರಿ ಎಂದು ಸಾಲಿನಲ್ಲಿ ನಿಂತಿದ್ದ ಒಬ್ಬರೂ ಹೇಳಲಿಲ್ಲ. ಅವು ಎಲ್ಲಿವೆಯೆಂದು ಎಲ್ಲರಿಗೂ ಗೊತ್ತಿತ್ತು, ತುಂಬಿದವರು ನಾವೇ. ಸಮಾಜಕ್ಕೆ ಬಡತನ ಕಳೆಯಲು ಸಾಧ್ಯವೇ ಎಂದು ಪುಸ್ತಕಗಳಲ್ಲಿ ಕೇಳುವಾಗ ನನಗೆ ನೆನಪಾಗುವುದು ಆ ಕೊಟ್ಟಿಗೆ. ಸಾಧ್ಯವಿತ್ತು, ಕೂಗಳತೆಯ ದೂರದಲ್ಲಿತ್ತು. ಇದ್ದವರು ತೆಗೆಯಲಿಲ್ಲ, ಇಲ್ಲದವರು ಕೇಳಲಿಲ್ಲ. ಕೇಳಿದ ಒಬ್ಬನನ್ನು ಇಲ್ಲದವರೇ ದೂರವಿಟ್ಟರು.

ಒಂದು ಮಧ್ಯಾಹ್ನ ಪಕ್ಕದ ಗುಡಿಸಲಿನವಳು ಮೊರ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅಪ್ಪ ಹೊರಗೆ ಮಂಕರಿ ಹೆಣೆಯುತ್ತಿದ್ದ.

"ಒಂದ್ ಮೊರ ರಾಗಿ ಇದ್ರೆ ಕೊಡಮ್ಮ. ಮಕ್ಳು ಎರಡ್ ದಿನದಿಂದ ಅಳ್ತಾವೆ."

"ಯಾಕೆ, ಗಂಜಿ ಸೇರಕಿಲ್ವಾ?" ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಬರಲಿ ಎಂದುಕೊಂಡೆ. "ನಮ್ಮಪ್ಪ ಗುಂಡಿನಾಗೆ ಸಾಯ್ತಾ ಇದ್ದಾಗ ನಿನ್ ಬಾಯಿ ಎಷ್ಟ್ ಜೋರಾಗಿತ್ತೇ! ಈಗ ಆ ಬಾಯಲ್ಲೇ ತಿನ್ನು, ಹೋಗು." ಇನ್ನೂ ಹೇಳಿದೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಈಗಲೂ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಿಲ್ಲ.

ಅಪ್ಪ ಎದ್ದು ಬಂದು ಅವಳ ಕೈಯಿಂದ ಮೊರ ತೆಗೆದುಕೊಂಡು ಒಳಗೆ ಹೋಗಿ ತುಂಬಿಸಿ ತಂದುಕೊಟ್ಟ. ಅವಳು ಸೆರಗು ಮುಚ್ಚಿಕೊಂಡು ಹೋದಳು. ನಾನು ಮಗುವನ್ನು ನೆಲಕ್ಕೆ ಹಾಕಿ ಅವನ ಮೇಲೆ ಹರಿಹಾಯ್ದೆ. ದೊಡ್ಡ ಧರ್ಮರಾಯ, ನಿನಗೆ ಮಾನ ಇಲ್ಲವಾ ಎಂದೆ.

"ಧರ್ಮ ಅಲ್ಲ ಕಣವ್ವ," ಎಂದ ಅಪ್ಪ. "ಅವ್ರ್ ಮನೇಲಿ ಒಲೆ ಉರೀದಿದ್ರೆ ನಾಳೆ ಅವ್ಳ್ ಗಂಡ ತಳ ಕೇಳ್ದಂಗೆ ಇಳಿದ್ಬುಡ್ತಾನೆ. ಒಬ್ಬ ಅಂಗೆ ಇಳಿದ್ರೆ ಮುಗೀತು. ಆಮೇಲೆ ಯಾವನ್ ಕೂಗಿದ್ರೂ ಯಾರ್ ಕೇಳ್ತಾರೆ?"

ಅವನ ಲೆಕ್ಕ ನನಗೆ ಆ ದಿನ ಅರ್ಥವಾಗಲಿಲ್ಲ, ಒಪ್ಪಿಗೆಯೂ ಆಗಲಿಲ್ಲ. ಆದರೂ ಆ ಮನೆಗೆ ಮತ್ತೆ ಮತ್ತೆ ಮೊರ ತುಂಬಿತು. ನನ್ನ ಬಾಣಂತನದ ರಾಗಿ ನನ್ನ ಕಣ್ಣೆದುರಿಗೇ ಗೋಡೆಯಾಚೆ ಹೋಯಿತು. ನಾನು ಮುಖ ಊದಿಸಿಕೊಂಡು ಇದ್ದೆ. ಅಪ್ಪ ತಾನು ಅರ್ಧ ಮುದ್ದೆಗೆ ಇಳಿದ.

ಲೆವಿಯ ಹುಡುಕಾಟದ ಗದ್ದಲ ತಣ್ಣಗಾದ ಮೇಲೆ ಪಟೇಲರು ಕೊಟ್ಟಿಗೆಯ ಕೆಳಗಿನ ಒಂದು ಹಗೇವು ತೆಗೆಸಲು ಹೊರಟರು. ಈ ಸಲ ದಾನವಿಲ್ಲ, ಭಾಷಣವಿಲ್ಲ. ರಾಗಿ ಗಾಡಿಗಳಲ್ಲಿ ಪಾವಗಡದ ಆಚೆಗೆ ಹೋಗುವುದಿತ್ತು, ಅಲ್ಲಿ ರೇಟು ಹೆಚ್ಚು. ಅಪ್ಪನಿಗೆ ಹೇಳಿ ಕಳಿಸಿದರು. ಇಳಿಯುವುದಾದರೆ ಕೂಲಿಗೆ ಇಳಿ, ತಳ ಇಲ್ಲ. ಅಪ್ಪ ಒಲ್ಲೆನೆಂದ. ಪಟೇಲರು ಮತ್ತೊಮ್ಮೆ ಕೇಳಲಿಲ್ಲ. ಪಕ್ಕದ ಗುಡಿಸಲಿನವನನ್ನು ಕರೆಸಿದರು. ಅವನು ಒಪ್ಪಿಕೊಂಡ.

ಅಪ್ಪ ಮನೆಯಲ್ಲಿ ಕೂರಲಾರದೆ ಹೋದ. ನಾನೂ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹಿಂದೆ ಹೋದೆ, ಜಗಳವಾದರೆ ಇರಲಿ ಎಂದು. ಜಗಳವಾಗಲಿಲ್ಲ. ಪಕ್ಕದ ಗುಡಿಸಲಿನವನು ಸೊಪ್ಪು ಕಲಕಿ ಆತುರದಲ್ಲಿ ಕಾಲು ಇಳಿಬಿಟ್ಟಾಗ ಅಪ್ಪ ದೂರದಿಂದಲೇ, "ಲೇ, ಇನ್ನೂ ಇಳೀಬ್ಯಾಡ ಕಣ್ಲಾ, ದೀಪ ನೋಡು," ಎಂದ. ಅವನು ನಿಂತ. ಇನ್ನಷ್ಟು ಕಲಕಿದ. ಅಪ್ಪ ತಲೆಯಾಡಿಸಿದ ಮೇಲೆ ಇಳಿದ.

ಮಂಕರಿಗಳು ಬಂದವು. ಕೆಂಪು ರಾಗಿ, ಒಳ್ಳೆಯ ರಾಗಿ, ಗಾಡಿಗೆ ಹಾಸಿದ ಗೋಣಿಗೆ ಬಿತ್ತು. ಹೊತ್ತು ಇಳಿಯುವಾಗ ಕಾಳಿನ ನಡುವೆ ಕಪ್ಪು ಹೆಂಟೆ ಕಾಣಿಸಿಕೊಂಡಿತು. ಅಪ್ಪ ಮುಂದಕ್ಕೆ ಬಾಗಿದ. ಪಟೇಲರೂ ಕಿವಿಯಿಟ್ಟು ಕೇಳುತ್ತಿದ್ದರೆಂದು ನನಗೆ ಅನ್ನಿಸಿತು. ಒಳಗಿನಿಂದ ಯಾವ ದನಿಯೂ ಬರಲಿಲ್ಲ. ಮುಂದಿನ ಮಂಕರಿ ಪೂರ್ತಿ ಕಪ್ಪು. ಆಗಲೂ ಇಲ್ಲ. ಪಟೇಲರು ಆ ಹೆಂಟೆಗಳನ್ನು ಗೋಣಿಗೆ ಹಾಕಿಸಲಿಲ್ಲ, ಅವರಿಗೆ ಅವು ಬೇಕಿರಲಿಲ್ಲ. ಪಾರುಪತ್ಯಗಾರನಿಗೆ ಕಣ್ಸನ್ನೆ ಮಾಡಿದರು. ಅವನು ಒಯ್ದು ಎಮ್ಮೆಯ ಬಾನಿಗೆ ಸುರಿದ.

ಕೊನೆಗೆ ಅವನನ್ನು ಮೇಲಕ್ಕೆಳೆದರು. ಕಣ್ಣು ಕೆಂಡವಾಗಿದ್ದವು, ಮೈಯೆಲ್ಲ ಹೊಟ್ಟು. ಕೆಮ್ಮುತ್ತಾ ಕೊಟ್ಟಿಗೆಯ ಗೋಡೆಗೆ ಒರಗಿದ. ಅಪ್ಪ ಒಂದು ಚೊಂಬು ನೀರು ತಗೊಂಡು ಹೋಗಿ ಅವನ ಮುಂದೆ ಕುಕ್ಕುರುಗಾಲಿನಲ್ಲಿ ಕೂತ. ಹೊಡೆಯುತ್ತಾನೆಂದೇ ನಾನು ಅಂದುಕೊಂಡಿದ್ದೆ.

"ತಳ ಸಿಕ್ತೇನ್ಲಾ?" ಎಂದು ಕೇಳಿದ.

"ಸಿಕ್ತಣ್ಣ."

"ಮತ್ತೆ?"

ಅವನು ಚೊಂಬು ಹಿಡಿದುಕೊಂಡ, ಕುಡಿಯಲಿಲ್ಲ.

"ಕೂಗೋಕ್ ಬಾಯೇ ಬರ್ನಿಲ್ಲ ಕಣಣ್ಣ."